ಅಪ್‌ಡೇಟ್: ಪಾಲುಪಟ್ಟಿ ತಕರಾರು ಕೊನೆಗೆ ಏನಾಯಿತು

ಅಜ್ಜನ ಕಾಲದ ಜಮೀನಿಗೆ ಅಣ್ಣಂದಿರು ಛಾಪಾ ಕಾಗದದಲ್ಲಿ ಪಾಲುಪಟ್ಟಿ ಬರೆಸಿ, ನನಗೆ ಪಾಲೇ ಇಡದೆ ಸಹಿ ಹಾಕಿಸಿಕೊಂಡಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ.

ಪೊಲೀಸ್ ದೂರಿನಿಂದ ಏನೂ ಆಗಲಿಲ್ಲ. ಸಿವಿಲ್ ವಿಷಯ ಎಂದು ವಾಪಸ್ ಕಳಿಸಿದರು. ಕೆಲಸಕ್ಕೆ ಬಂದಿದ್ದು ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಡುವ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್! ಖಾತೆ ಬದಲಾವಣೆ ನಿಂತ ಮೇಲೆ ಅಣ್ಣಂದಿರೇ ಮಾತಿಗೆ ಬಂದರು. ಸಮಪಾಲಿಗೆ ಒಪ್ಪಿದ್ದಾರೆ. 11ಇ ನಕ್ಷೆ (ಭಾಗವಾಗುವ ಜಮೀನನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಬಂದ ಕೂಡಲೇ ಹೊಸ ವಿಭಾಗ ಪತ್ರ ನೋಂದಣಿ.

ವಕೀಲರು ಹೇಳಿದ ಒಂದು ವಿಷಯ ಆಶ್ಚರ್ಯ ತಂದಿತು. ಜಮೀನು ಭಾಗ ಮಾಡುವ ಪತ್ರಕ್ಕೆ ನೋಂದಣಿ ಬೇಕೇ ಬೇಕು. ಆದರೆ ಮೊದಲೇ ಬಾಯಿಮಾತಲ್ಲಿ ಆಗಿಹೋದ ಪಾಲನ್ನು ನೆನಪಿಗಾಗಿ ಬರೆದಿಟ್ಟ ಪತ್ರಕ್ಕೆ ಬೇಡವಂತೆ. ಹಾಗಾಗಿ ಪತ್ರದ ಒಕ್ಕಣೆಯನ್ನು ವಕೀಲರಿಂದ ಓದಿಸಿ. ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಬಂದಿದ್ದು 2005ರಲ್ಲಿ. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಪಿತ್ರಾರ್ಜಿತದಲ್ಲಿ ಮಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆದ ಪಾಲಿಗೆ ಇದು ಅನ್ವಯಿಸುವುದಿಲ್ಲ.