ಪದಚರ್ಚೆ: ‘ನೋಮಿನಾ’ ಎಂದರೆ ತಾಯತವೇ, ಸಂಬಳದ ಪಟ್ಟಿಯೇ?

ಪ್ರಶ್ನೆ: 16ನೇ ಶತಮಾನದ ಸ್ಪ್ಯಾನಿಷ್ ಬರಹವೊಂದರಲ್ಲಿ ಕೊರಳಿಗೆ ‘ನೋಮಿನಾ’ ಕಟ್ಟಿಕೊಂಡವರ ಮಾತು ಬರುತ್ತದೆ. ನಿಘಂಟಿನಲ್ಲಿ ‘ಸಂಬಳದ ಪಟ್ಟಿ’ ಎಂದಿದೆ. ‘ತಾಯತ’ ಅನ್ನಬಹುದೇ? ಅದರ ಜೊತೆ ಬರುವ ‘ಒರಾಸಿಯೋನ್’, ‘ಎನ್ಸಾಲ್ಮೊ’ಗಳಿಗೆ ಏನು ಹಾಕೋಣ?

ಉತ್ತರ: ಎರಡೂ ಅರ್ಥ ಒಂದೇ ಬೇರಿನವು. ಲ್ಯಾಟಿನ್ ‘ನೋಮಿನ’ ಎಂದರೆ ಹೆಸರುಗಳು. ಸಂಸ್ಕೃತದ ‘ನಾಮ’ಕ್ಕೆ ನೆಂಟ. ಸಂತರ ಹೆಸರು ಬರೆದು, ಮಡಿಸಿ, ಬಟ್ಟೆಯಲ್ಲಿ ಹೊಲಿದು ಕೊರಳಿಗೆ ಕಟ್ಟಿದ ಚೀಟಿ ಆಗಿನದು. ನೌಕರರ ಹೆಸರಿನ ಪಟ್ಟಿ ಈಗಿನದು.

‘ತಾಯತ’ ತಪ್ಪಲ್ಲ. ಆದರೆ ಒಳಗೆ ಗಿಡದ ಬೇರಿನ ತುಂಡಿದ್ದರೂ ನಮಗದು ತಾಯತವೇ. ನೋಮಿನಾದಲ್ಲಿ ಬರಹವೇ ಜೀವಾಳ. ಮೊದಲ ಸಲ ‘ತಾಯತದ ಚೀಟಿ’ ಎಂದು ಬರೆದು, ಆಮೇಲೆ ‘ತಾಯತ’ ಅಂದರೆ ಸಾಕು. ಗೆರೆಚಿತ್ರದ ‘ಯಂತ್ರ’ ಸಾಮಾನ್ಯವಾಗಿ ಹೊಂದದು. 1992ರಲ್ಲಿ ಸ್ಪೇನಿನ ಬಾರ್ಕರೋಟ ಊರಿನ ಮನೆಗೋಡೆಯೊಳಗೆ, 1554ರ ‘ಲಾಸಾರಿಯೊ’ ಕಾದಂಬರಿಯ ಪ್ರತಿಯ ಜೊತೆ ಸಿಕ್ಕ ನೋಮಿನಾದಲ್ಲಿ ಮಾತ್ರ ವೃತ್ತದೊಳಗೆ ನಕ್ಷತ್ರವಿದೆ. ಅದಕ್ಕೆ ‘ಯಂತ್ರ’ ಅಂದರೂ ನಡೆದೀತು.

ಚೀಟಿಯ ಮಡಿಕೆ, ರೇಷ್ಮೆ, ದಾರದ ವಿವರ ಬಂದರೆ ಅನುವಾದದಲ್ಲಿ ಬಿಡಬೇಡಿ. ಸಂತರ ಹೆಸರಿಗೆ ಚರ್ಚಿನ ತಕರಾರಿರಲಿಲ್ಲ. ಅರ್ಥವಾಗದ ಹೆಸರು, ಶಿಲುಬೆಯಲ್ಲದ ಗುರುತು, ಬರೆಯುವ ಕಟ್ಟುವ ಬಗೆಯಲ್ಲೇ ಶಕ್ತಿಯಿದೆ ಎಂಬ ನಂಬಿಕೆ, ಇವನ್ನು 13ನೇ ಶತಮಾನದಲ್ಲೇ ಧರ್ಮಪಂಡಿತ ಥಾಮಸ್ ಅಕ್ವಿನಾಸ್ ಸಲ್ಲದೆಂದಿದ್ದ. ಸ್ಪೇನಿನಲ್ಲಿ 16ನೇ ಶತಮಾನದ ಧರ್ಮಪಂಡಿತ ಪೆದ್ರೊ ಸಿರುಯೇಲೊ ಹರಿಹಾಯ್ದದ್ದೂ ಈ ಮಡಿಕೆ, ದಾರಗಳ ಮೇಲೆಯೇ.

ತೊಡಕಿನ ಪದ ‘ಒರಾಸಿಯೋನ್’. ‘ಪ್ರಾರ್ಥನೆ’ ಎಂದರೆ ಬಾಯಲ್ಲಿ ಹೇಳುವುದು ಮಾತ್ರ ಅನಿಸುತ್ತದೆ. ‘ಸೆಲೆಸ್ತೀನಾ’ ಎಂಬ ಸ್ಪ್ಯಾನಿಷ್ ನಾಟಕದ 4ನೇ ಅಂಕದಲ್ಲಿ ಕುಂಟಣಿ ಮುದುಕಿ, ಮೆಲಿಬೆಯಾಳಿಗೆ ಮನಸೋತ ಕಲಿಸ್ತೊನ ಹಲ್ಲುನೋವಿನ ನೆವ ಹೇಳಿ ಅವಳಲ್ಲಿ ಸಂತ ಅಪೊಲೋನಿಯಾಳ ಒರಾಸಿಯೋನ್ ಬೇಡುತ್ತಾಳೆ. ಅಮ್ಮ ಬರುವಷ್ಟರಲ್ಲಿ ಬರೆದು ಮುಗಿಯದು, ನಾಳೆ ಗುಟ್ಟಾಗಿ ಬಾ ಎನ್ನುತ್ತಾಳೆ ಮೆಲಿಬೆಯಾ. ಅಂದರೆ ಅದು ಕೈಗೆ ಕೊಡುವ ಕಾಗದ. ಇಲ್ಲಿ ‘ಪ್ರಾರ್ಥನೆ ಹೇಳಿಕೊಡು’ ಎಂದು ಅನುವಾದಿಸಿದರೆ ಮರುದಿನದ ಗುಟ್ಟಿನ ಭೇಟಿಗೆ ಕಾರಣವೇ ಉಳಿಯುವುದಿಲ್ಲ. ‘ಪ್ರಾರ್ಥನೆ ಬರೆದುಕೊಡು’ ಎನ್ನಿ. ಅದೇ ಪ್ರಾರ್ಥನೆ 1615ರ ‘ಡಾನ್ ಕ್ವಿಕ್ಸೋಟ್’ ಎರಡನೇ ಭಾಗದಲ್ಲಿ ಬಾಯಿಪಾಠ. ದಾರಿಯುದ್ದಕ್ಕೂ ಹೇಳಿಕೊಂಡು ಹೋಗು ಎಂದವನಿಗೆ ಕ್ವಿಕ್ಸೋಟನ ಮನೆಗೆಲಸದವಳ ಉತ್ತರ: ನಮ್ಮ ಯಜಮಾನರಿಗೆ ನೋವಿರುವುದು ಹಲ್ಲಲ್ಲಲ್ಲ, ತಲೆಯಲ್ಲಿ!

‘ಎನ್ಸಾಲ್ಮೊ’ ಹುಟ್ಟಿದ್ದು ‘ಸಾಲ್ಮೊ’ದಿಂದ, ಅಂದರೆ ಕನ್ನಡ ಬೈಬಲಿನ ‘ಕೀರ್ತನೆ’. ಗಾಯ, ಕಾಯಿಲೆ ವಾಸಿಯಾಗಲೆಂದು ಜಪಿಸುವ ಮಾತು. ‘ಮಂತ್ರ ಹಾಕುವುದು’ ಸರಿಹೊಂದುತ್ತದೆ. ‘ಮಾಟ’ ಬೇಡ, ಅದು ಕೆಡುಕು ಮಾಡುವವರ ಪದ.