ರಾತ್ರಿ ಬೆಳಗಾಗುವುದರಲ್ಲಿ ನಾಲ್ಕು ಪಟ್ಟಾದ ಕ್ರಿಪ್ಟೋ ಕಾಯಿನ್, ಬೆಲೆಯನ್ನು ಯಾರಾದರೂ ಆಡಿಸ್ತಿದ್ದಾರಾ?

ಸುರತ್ಕಲ್‌ನಿಂದ:
ಟೆಲಿಗ್ರಾಂ ಗುಂಪಿನಲ್ಲಿ ಹೇಳಿದ ಒಂದು ಸಣ್ಣ ಕಾಯಿನ್‌ಗೆ 20,000 ರೂಪಾಯಿ ಹಾಕಿದ್ದೇನೆ. ಒಂದೇ ರಾತ್ರಿಗೆ ನಾಲ್ಕು ಪಟ್ಟು! ಮಾರ್ತೇನೆ ಅಂದವರನ್ನು ಅಲ್ಲಿ ಬೈದು ಹೊರಗೆ ಹಾಕುತ್ತಿದ್ದಾರೆ. ಹೆದರಿಕೆ ಆಗ್ತಿದೆ. ಏನು ನೋಡಬೇಕು?

ಮಲ್ಪೆಯಿಂದ:
ಬೈದು ಹೊರಗೆ ಹಾಕ್ತಾರೆ ಅಂದಮೇಲೆ ಅರ್ಧ ಉತ್ತರ ಸಿಕ್ಕಿತಲ್ವಾ? ನಾನೂ ಹೀಗೇ ಸಿಕ್ಕಿಬಿದ್ದವನು. ವಹಿವಾಟಿನ ಅಂಕಿ ನೋಡಿ ಮರುಳಾಗಬೇಡಿ. ನಮ್ಮ ಬಂದರಿನಲ್ಲಿ ಅಣ್ಣ ತಮ್ಮ ಸೇರಿ ಒಂದೇ ಬುಟ್ಟಿ ಬಂಗುಡೆಯನ್ನು ಹತ್ತು ಸಲ ಒಬ್ಬರಿಗೊಬ್ಬರು ಮಾರಿದರೆ ಲೆಕ್ಕದಲ್ಲಿ ಹತ್ತು ಬುಟ್ಟಿ. ಮೀನು ಮಾತ್ರ ಅಷ್ಟೇ. ವಾಶ್ ಟ್ರೇಡಿಂಗ್ ಅಂದರೆ ಇದೇ. ನಾನು ಕೊಂಡದ್ದರಲ್ಲಿ ದಿನದ ವಹಿವಾಟು ಕೋಟಿ ದಾಟಿತ್ತು, ಲಿಕ್ವಿಡಿಟಿ ಪೂಲ್‌ನಲ್ಲಿ, ಅಂದರೆ ಕೊಳ್ಳುವ ಮಾರುವ ವ್ಯವಹಾರಕ್ಕೆ ನಿಜವಾಗಿ ಇಟ್ಟ ನಿಧಿಯಲ್ಲಿ, ಇದ್ದದ್ದು ಬರೀ ಆರು ಲಕ್ಷ. ನನ್ನ ಒಂದು ಆರ್ಡರ್‌ಗೇ ಬೆಲೆ ಜಾರಿತು.

ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ (ಕಾಯಿನ್ ಯಾವ ವಾಲೆಟ್‌ನಿಂದ ಯಾವುದಕ್ಕೆ ಹೋಯಿತು ಅಂತ ಎಲ್ಲರಿಗೂ ತೋರಿಸುವ ವೆಬ್‌ಸೈಟ್) ಹೋಲ್ಡರ್‌ಗಳ, ಅಂದರೆ ಕಾಯಿನ್ ಇಟ್ಟುಕೊಂಡವರ, ಪಟ್ಟಿ ತೆರೆಯಿರಿ. ಪೂಲ್, ಎಕ್ಸ್‌ಚೇಂಜ್ ವಿಳಾಸ ಬಿಟ್ಟು ಮೇಲಿನ ಹತ್ತು ವಾಲೆಟ್‌ಗಳಲ್ಲೇ ಕಾಯಿನ್‌ನ ಮುಕ್ಕಾಲು ಪಾಲು ಇದೆಯಾ? ಅವಕ್ಕೆಲ್ಲ ಮೊದಲ ದುಡ್ಡು ಒಂದೇ ಕಡೆಯಿಂದ ಬಂದಿದ್ದರೆ ಅವರು ಹತ್ತು ಜನ ಅಲ್ಲ, ಹೆಚ್ಚಾಗಿ ಒಬ್ಬನೇ.

ಕದ್ರಿಯಿಂದ:
ಮೊದಲು 500 ರೂಪಾಯಿಯಷ್ಟು ಮಾರಿ ನೋಡಿ. ಕೆಲವನ್ನು ಕೊಳ್ಳಬಹುದು, ಮಾರಲಿಕ್ಕೆ ಆಗುವುದಿಲ್ಲ. 2021ರ ಸ್ಕ್ವಿಡ್ ಟೋಕನ್‌ನಲ್ಲಿ ಅದೇ ಆದದ್ದು. ಲಾಭಕ್ಕೆ 30% ತೆರಿಗೆ ಇದೆ, ನೆನಪಿರಲಿ. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲಿಕ್ಕೂ ಬಿಡುವುದಿಲ್ಲ.

ಸುರತ್ಕಲ್‌ನಿಂದ:
500 ರೂಪಾಯಿಯಷ್ಟು ಮಾರಿ ನೋಡಿದೆ, ಮಾರಾಟ ಆಯಿತು. ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಮಾರುತ್ತಿದ್ದೇನೆ. ಸುಮ್ನೆ ಇರಲಾರದೆ ಗುಂಪಿನಲ್ಲಿ ಹೇಳಿದೆ. ಎರಡು ನಿಮಿಷಕ್ಕೆ ನನ್ನನ್ನೂ ಹೊರಗೆ ಹಾಕಿದರು ಮಾರಾಯ್ರೆ!