ಅಪ್‌ಡೇಟ್: ಕನ್ನಡ ಓದಲು ಹೆದರುತ್ತಿದ್ದ ಮಗಳು

ಮನೆಯಲ್ಲಿ ತೆಲುಗು ಮಾತಾಡೋ ನನ್ನ ಮಗಳು ಕ್ಲಾಸಲ್ಲಿ ಕನ್ನಡ ಓದೋಕೆ ಹೆದರ್ತಾಳೆ, ಟ್ಯೂಷನ್ ಹಾಕಲೇ ಅಂತ ಕೇಳಿದ್ದೆ. ಹಾಕಲಿಲ್ಲ. ಇಲ್ಲೇ ರಾಯಚೂರಿನ ಅವಳ ಶಾಲೆಗೆ ಬಂದ ಹೊಸ ಕನ್ನಡ ಮೇಡಂ ಸಾಕಾದರು.

ಓದುವಾಗ ಅವರು ನಡುವೆ ತಡೆಯೋದೇ ಇಲ್ಲ. ತಪ್ಪುಗಳನ್ನ ಚೀಟಿಯಲ್ಲಿ ಬರೆದಿಟ್ಟು, ಆಮೇಲೆ ಅವಳೊಬ್ಬಳಿಗೇ ಹೇಳ್ತಾರೆ. ಒಂದು ಚೀಟಿ ನಾನೂ ನೋಡಿದೆ: ‘ಅಕ್ಕ ಬಂತು’ ಅಲ್ಲ, ‘ಅಕ್ಕ ಬಂದಳು’. ತೆಲುಗಿನಲ್ಲಿ ಹೆಣ್ಣಿಗೂ ವಸ್ತುವಿಗೂ ಏಕವಚನದ ಕ್ರಿಯಾಪದ ಒಂದೇ, ಅದಕ್ಕೇ ಹೀಗಾಗುತ್ತೆ, ನೀನು ದಡ್ಡಿಯಲ್ಲ ಅಂತ ಬಿಡಿಸಿ ಹೇಳಿದರಂತೆ. ಆ ಮಾತೇ ಅವಳಿಗೆ ಧೈರ್ಯ ಕೊಟ್ಟದ್ದು ಅಂತ ನನಗೆ ಖಾತ್ರಿ.

ಈ ಸಲ ರಾಜ್ಯೋತ್ಸವಕ್ಕೆ, 1956ರಲ್ಲಿ ಹೈದರಾಬಾದ್ ರಾಜ್ಯದಿಂದ ರಾಯಚೂರು ಕನ್ನಡನಾಡಿಗೆ ಸೇರಿದ್ದರ ಬಗ್ಗೆ ಚೀಟಿ ನೋಡದೆ ಮಾತಾಡಿದಳು. ಟ್ಯೂಷನ್ ಬೇಡ, ಟೀಚರ್ ಹತ್ರ ಮಾತಾಡಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್.